ಏರಿಯ ಕೆಳಗಿನ ಊರು: ಲಾಕ್

ನಮ್ಮ ಕೂಟದ ಸ್ಮರಣ ಸಂಚಿಕೆಗಳಲ್ಲಿ ಬಿಟ್ಟು ಬಂದ ಊರುಗಳ ಬಗ್ಗೆ ಬರೆದದ್ದು ಬೇಕಾದಷ್ಟಿದೆ. ಮಲೆನಾಡಿನ ಮಳೆ, ಬಯಲುಸೀಮೆಯ ಜಾತ್ರೆ, ಮೈಸೂರಿನ ದಸರೆ ವರ್ಷ ವರ್ಷವೂ ಬಂದಿವೆ, ಬರಲಿ. ಆದರೆ ನಾವು ಈಗ ಕಾಲೂರಿ ನಿಂತಿರುವ ಉತ್ತರ ಕ್ಯಾಲಿಫೋರ್ನಿಯಾದ ನೆಲದ ಚರಿತ್ರೆ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಸ್ಯಾನ್ ಹೊಸೆ, ಫ್ರೀಮಾಂಟ್‌ಗಳಿಂದ ಸ್ಯಾಕ್ರಮೆಂಟೊಗೆ ಹೋಗುವಾಗ ನಾವು ಹೆದ್ದಾರಿ ಬಿಟ್ಟು ಇಳಿಯುವುದು ಕಾರಿಗೆ ಗ್ಯಾಸ್ ಹಾಕಿಸಲು, ಇಲ್ಲವೆ ಮಕ್ಕಳ ಅವಸರಕ್ಕೆ. ಆ ದಾರಿಯಿಂದ ಸ್ವಲ್ಪವೇ ಒಳಗೆ, ಸ್ಯಾಕ್ರಮೆಂಟೊ ನಗರದಿಂದ ದಕ್ಷಿಣಕ್ಕೆ ಸುಮಾರು 30 ಮೈಲಿ ದೂರದಲ್ಲಿ, ನದಿಯ ಪೂರ್ವ ದಂಡೆಯಲ್ಲಿ ಲಾಕ್ ಎಂಬ ಪುಟ್ಟ ಊರಿದೆ. ಅದರ ಕಥೆ ನಮ್ಮಂಥವರು ಅಗತ್ಯವಾಗಿ ತಿಳಿಯಬೇಕಾದದ್ದು ಎಂದು ನಮಗೆ ಅನ್ನಿಸಿದೆ.

ಊರು ಎಂದೆವು. ಸರಕಾರಿ ಲೆಕ್ಕದಲ್ಲಿ ಅದು ಪಟ್ಟಣವೂ ಅಲ್ಲ, ನಗರವೂ ಅಲ್ಲ. ಇಂಥ ಊರುಗಳನ್ನು ಇಲ್ಲಿನ ಕಾನೂನು ‘ಅನ್‌ಇನ್‌ಕಾರ್ಪೊರೇಟೆಡ್’ ಎಂದು ಕರೆಯುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಪುರಸಭೆಯೂ ಇಲ್ಲ, ಪಂಚಾಯತಿಯೂ ಇಲ್ಲ. ಮೇಯರ್ ಇಲ್ಲ, ಸ್ವಂತ ಪೊಲೀಸರಿಲ್ಲ, ಊರಿನದೇ ಆದ ತೆರಿಗೆಯಿಲ್ಲ. ರಸ್ತೆ ರಿಪೇರಿಯಿಂದ ಹಿಡಿದು ಕಾನೂನು ಪಾಲನೆಯವರೆಗೆ ಎಲ್ಲಕ್ಕೂ ಕೌಂಟಿಯ ಕಡೆ ಕೈಚಾಚಬೇಕು. ಅಮೆರಿಕದಲ್ಲಿ ಇಂಥ ಹಳ್ಳಿಗಳು ಸಾವಿರಾರು ಇವೆ. ಲಾಕ್‌ನ ವಿಶೇಷ ಬೇರೆ. ಈ ದೇಶದಲ್ಲಿ ಚೀನೀಯರು ಚೀನೀಯರಿಗಾಗಿಯೇ ಕಟ್ಟಿಕೊಂಡು ಇಂದಿನವರೆಗೆ ಉಳಿದಿರುವ ಗ್ರಾಮೀಣ ಊರು ಇದೊಂದೇ. ಆದರೆ ಆ ಊರು ನಿಂತ ನೆಲದಲ್ಲಿ ಒಂದು ಗೇಣೂ ಕಟ್ಟಿದವರದಾಗಿರಲಿಲ್ಲ. ಗೋಡೆ ಅವರದು, ಮಾಡು ಅವರದು, ಕೆಳಗಿನ ಮಣ್ಣು ಇನ್ನೊಬ್ಬರದು. ಈ ಸ್ಥಿತಿ 1915ರಿಂದ 2004ರವರೆಗೆ, ಅಂದರೆ 89 ವರ್ಷ ನಡೆಯಿತು.

ಮೊದಲು ಆ ಮಣ್ಣಿನ ವಿಚಾರ ಹೇಳಬೇಕು, ಏಕೆಂದರೆ ಅದನ್ನು ಮಣ್ಣಾಗಿಸಿದವರೇ ಇವರು. ಉತ್ತರದಿಂದ ಸ್ಯಾಕ್ರಮೆಂಟೊ, ದಕ್ಷಿಣದಿಂದ ಸ್ಯಾನ್ ವಾಕೀನ್, ಈ ಎರಡು ನದಿಗಳು ಸಮುದ್ರ ಸೇರುವ ಮೊದಲು ಒಂದಾಗುವ ಜಾಗದಲ್ಲಿ ಹರಡಿಕೊಂಡಿರುವುದೇ ಡೆಲ್ಟಾ. ಸಾವಿರಾರು ವರ್ಷ ಇಲ್ಲಿ ಟೂಲಿ ಎಂಬ ಆಳೆತ್ತರದ ಜೊಂಡು ಬೆಳೆದು, ಬಿದ್ದು, ನೀರಿನಲ್ಲಿ ಕೊಳೆತು, ಕಪ್ಪಗೆ ಹಗುರವಾದ ಪೀಟ್ ಮಣ್ಣಾಗಿ ಪದರ ಪದರವಾಗಿ ಕೂತಿತ್ತು. ನದಿಯ ದಂಡೆಯುದ್ದಕ್ಕೂ ಮಾತ್ರ ಪ್ರವಾಹ ಹೊತ್ತು ತಂದ ಗಟ್ಟಿ ಮೆಕ್ಕಲು ಮಣ್ಣಿನ ದಿಬ್ಬ. ಉಳಿದದ್ದೆಲ್ಲ ಕೆಸರು. 1850ರಲ್ಲಿ ಅಮೆರಿಕದ ಸಂಸತ್ತು ಇಂಥ ಜೌಗುಭೂಮಿಯನ್ನು ರಾಜ್ಯಗಳ ಕೈಗೆ ಬಿಟ್ಟುಕೊಟ್ಟಿತು. ಸುತ್ತ ಏರಿ ಕಟ್ಟಿ ನೀರು ಹೊರಹಾಕಿದರೆ ಬಂಗಾರದಂಥ ಹೊಲ ಆಗುತ್ತದೆಂದು ಕೊಂಡವರಿಗೆ ಗೊತ್ತಿತ್ತು. ಕಟ್ಟುವವರು ಯಾರು ಎಂಬುದು ಪ್ರಶ್ನೆ.

1869ರ ಮೇ ತಿಂಗಳಲ್ಲಿ ಖಂಡದ ಎರಡು ತುದಿಗಳನ್ನು ಜೋಡಿಸುವ ರೈಲುದಾರಿ ಮುಗಿಯಿತು. ಸಿಯೆರಾ ಬೆಟ್ಟಗಳಲ್ಲಿ ಬಂಡೆ ಒಡೆದು ಸುರಂಗ ಕೊರೆದ ಸಾವಿರಾರು ಚೀನೀ ಕೂಲಿಗಳು ಕೆಲಸವಿಲ್ಲದೆ ಕೆಳಗಿಳಿದು ಬಂದರು. ಡೆಲ್ಟಾದಲ್ಲಿ ಅವರಿಗೆ ಸಿಕ್ಕಿದ್ದು ಈ ಮಣ್ಣು ಹೊರುವ ಕೆಲಸ. ಸೊಂಟದವರೆಗೆ ನೀರಿನಲ್ಲಿ ನಿಂತು ಪೀಟ್ ಮಣ್ಣಿನ ಹೆಂಟೆ ಕಡಿದು, ಕೈಗಾಡಿಯಲ್ಲಿ ತುಂಬಿ, ಹಲಗೆಯ ಮೇಲೆ ತಳ್ಳಿಕೊಂಡು ಹೋಗಿ ಪೇರಿಸಿದರು. ಮಲೇರಿಯಾ ಅಲ್ಲಿ ಸಾಮಾನ್ಯ. ಕುದುರೆಗಳು ಕೆಸರಿನಲ್ಲಿ ಹೂತುಹೋಗದಂತೆ ಅವುಗಳ ಗೊರಸಿಗೆ ಅಗಲವಾದ ಹಲಗೆಯ ಪಾದರಕ್ಷೆ ಕಟ್ಟಿದ ಜಾಣತನವೂ ಇವರದೇ ಎನ್ನುತ್ತಾರೆ. 1860ರಿಂದ 1880ರವರೆಗಿನ ಎರಡು ದಶಕಗಳಲ್ಲಿ ಹೀಗೆ 88,000 ಎಕರೆ ಒಣನೆಲವಾಯಿತೆಂದು ಲೆಕ್ಕ. ಆಮೇಲೆ ದೋಣಿಯ ಮೇಲೆ ಕೂತು ಕೆಸರೆತ್ತುವ ಉಗಿಯಂತ್ರಗಳು ಬಂದವು. ಕೈಗಾಡಿಯವರು ಅದೇ ಹೊಲಗಳಲ್ಲಿ ಕೂಲಿಗಳಾದರು, ಕೆಲವರು ಗೇಣಿದಾರರಾದರು.

ಕೆರೆಯ ಏರಿ ಕಂಡವರು ನಾವು. ನಮ್ಮಲ್ಲಿ ಏರಿ ನೀರನ್ನು ಒಳಗೆ ಹಿಡಿದಿಡುತ್ತದೆ, ಇಲ್ಲಿ ಹೊರಗೆ ತಡೆಯುತ್ತದೆ. ಒಳಗಿನ ಹೊಲ ಹೊರಗಿನ ನೀರಿಗಿಂತ ತಗ್ಗಿನಲ್ಲಿ ಇರುತ್ತದೆ. ಕೇರಳದ ಕುಟ್ಟನಾಡನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಡೆಲ್ಟಾದ ನಡುವಿನ ಕೆಲವು ದ್ವೀಪಗಳಂತೂ ಸಮುದ್ರಮಟ್ಟಕ್ಕಿಂತ 15ರಿಂದ 25 ಅಡಿ ಕೆಳಗಿವೆ. ಮೊದಲು ಹೀಗಿರಲಿಲ್ಲ. ನೀರು ಬಸಿದ ಪೀಟ್ ಮಣ್ಣಿಗೆ ಗಾಳಿ ತಾಗಿದರೆ ಅದು ನಿಧಾನವಾಗಿ ಉರಿದಂತೆ ಕರಗುತ್ತದೆ, ಅಂಗಾರಾಮ್ಲವಾಗಿ ಹಾರಿಹೋಗುತ್ತದೆ. ನೆಲ ವರ್ಷ ವರ್ಷವೂ ಕುಗ್ಗಿದಷ್ಟು ಏರಿಯ ಮೇಲಿನ ಒತ್ತಡ ಹೆಚ್ಚುತ್ತದೆ. ಈಗ ಡೆಲ್ಟಾದಲ್ಲಿ ಇಂಥ ಏರಿಗಳು ಸುಮಾರು 1,100 ಮೈಲಿಯಷ್ಟಿವೆ. ಅವು ಒಡೆದರೆ ಮುಳುಗುವುದು ಹೊಲ ಮಾತ್ರವಲ್ಲ. ಲಾಕ್‌ಗೂ ಪಕ್ಕದ ವಾಲ್‌ನಟ್ ಗ್ರೋವ್‌ಗೂ ನಡುವೆ 1951ರಲ್ಲಿ ಒಂದು ಕಾಲುವೆ ತೋಡಿದರು. ಸ್ಯಾಕ್ರಮೆಂಟೊ ನದಿಯ ನೀರನ್ನು ಅದು ಡೆಲ್ಟಾದ ಒಳಗಿನಿಂದ ದಕ್ಷಿಣದ ಪಂಪುಗಳತ್ತ ತಿರುಗಿಸುತ್ತದೆ. ಆ ದಕ್ಷಿಣದ ಪಂಪುಗಳು ಎತ್ತುವ ನೀರಿನಲ್ಲಿ ಒಂದು ಪಾಲು ಫ್ರೀಮಾಂಟಿಗೂ ಸ್ಯಾಂಟಾ ಕ್ಲಾರಾ ಕೌಂಟಿಗೂ ಬರುತ್ತದೆ. ನಮ್ಮ ಮನೆಗಳ ನಲ್ಲಿಯಲ್ಲಿ ಬೀಳುವ ನೀರಿಗೂ ಈ ಏರಿಗಳಿಗೂ ಇಷ್ಟು ಹತ್ತಿರದ ನಂಟು.

ಈಗ ಊರಿಗೆ ಬರೋಣ. ದಂಡೆಯ ಗಟ್ಟಿ ಮಣ್ಣಿನಲ್ಲಿ ಪೇರು ತೋಟ, ಒಳಗಿನ ಪೀಟ್ ಮಣ್ಣಿನಲ್ಲಿ ಆಸ್ಪರಾಗಸ್, ಇವು ಈ ಭಾಗದ ಬೆಳೆಗಳು. ವಸಂತದಲ್ಲಿ ನೆಲದಿಂದ ತಲೆಯೆತ್ತುವ ಆಸ್ಪರಾಗಸ್ ದಂಟನ್ನು ದಿನದಿನವೂ ಬಾಗಿ ಬಾಗಿ ಕತ್ತರಿಸಬೇಕು. ಬೇಸಿಗೆಯ ನಡುವೆ ಪೇರು ಹಣ್ಣು ಕೀಳಬೇಕು. ಸುಗ್ಗಿಗೆ ಬಂದ ಕೂಲಿಗಳಿಗೆ ತಂಗಲು, ಉಣ್ಣಲು, ಊರಿಗೆ ಕಾಗದ ಬರೆಸಲು, ದುಡ್ಡು ಕಳಿಸಲು ಒಂದು ನೆಲೆ ಬೇಕಿತ್ತು. ವಾಲ್‌ನಟ್ ಗ್ರೋವ್‌ನ ಚೀನೀ ಕೇರಿ ಅಂಥ ನೆಲೆಯಾಗಿತ್ತು. 1915ರ ಅಕ್ಟೋಬರ್‌ನಲ್ಲಿ ಬೆಂಕಿ ಬಿದ್ದು ಆ ಕೇರಿ ಪೂರ್ತಿ ಸುಟ್ಟುಹೋಯಿತು.

ಆ ಕೇರಿಯ ಚೀನೀಯರಲ್ಲೂ ಎರಡು ಬಣ. ಒಂದು ಸ್ಸೆ ಯಾಪ್ ಪ್ರಾಂತದವರದು, ಇನ್ನೊಂದು ಝೋಂಗ್‌ಶಾನ್ ಜಿಲ್ಲೆಯವರದು. ಎರಡೂ ಕ್ಯಾಂಟನ್ ಸೀಮೆಯ ಅಕ್ಕಪಕ್ಕದ ಭಾಗಗಳೇ, ಆದರೂ ಆಡುಮಾತು ಬೇರೆ, ಸಂಘ ಬೇರೆ, ವ್ಯವಹಾರ ಬೇರೆ. (ಒಂದೇ ನಾಡಿನವರು ಪರದೇಶಕ್ಕೆ ಬಂದ ಕೂಡಲೇ ಎರಡು ಸಂಘ ಮಾಡಿಕೊಳ್ಳುವುದು ಕನ್ನಡಿಗರ ಸ್ವಂತ ಸಂಶೋಧನೆ ಎಂದುಕೊಂಡವರು ಇದನ್ನು ಗಮನಿಸಬೇಕು!) ಬೆಂಕಿಯ ನಂತರ ಸ್ಸೆ ಯಾಪ್‌ನವರು ಹಳೆಯ ಜಾಗದಲ್ಲೇ ಮತ್ತೆ ಕಟ್ಟಿಕೊಂಡರು. ಝೋಂಗ್‌ಶಾನ್‌ನವರು ಬೇರೆ ಹೋಗಲು ನಿಶ್ಚಯಿಸಿದರು. ಒಂದು ಮೈಲಿಯಷ್ಟು ಮೇಲಕ್ಕೆ ಜಾರ್ಜ್ ಲಾಕ್ ಎಂಬವರ ಪೇರು ತೋಟವಿತ್ತು. ಅದರ ಅಂಚಿನಲ್ಲಿ, ರೈಲ್ವೆಯವರ ಹಣ್ಣು ತುಂಬುವ ಕಟ್ಟೆಯ ಎದುರಿಗೆ, 1912ರ ಸುಮಾರಿನಲ್ಲೇ ಚೀನೀ ವ್ಯಾಪಾರಿಗಳ ಎರಡು ಮೂರು ಕಟ್ಟಡಗಳು ಎದ್ದಿದ್ದವು. ಲೀ ಬಿಂಗ್ ಎಂಬ ವ್ಯಾಪಾರಿಯ ಮುಂದಾಳುತನದಲ್ಲಿ ಕೆಲವರು ಲಾಕ್ ಕುಟುಂಬದ ಬಳಿ ಹೋಗಿ, ಇಲ್ಲಿ ಊರು ಕಟ್ಟಿಕೊಳ್ಳಬಹುದೇ ಎಂದು ಕೇಳಿದರು. ಕಟ್ಟಿಕೊಳ್ಳಿ, ನೆಲಬಾಡಿಗೆ ಕೊಡಿ ಎಂಬ ಒಪ್ಪಂದವಾಯಿತು. ಅದು ಬಾಯಿಮಾತಿನ ಒಪ್ಪಂದ. ಕಾಗದವಿಲ್ಲ, ಸಾಕ್ಷಿ ಸಹಿಯಿಲ್ಲ, ನೋಂದಣಿಯಿಲ್ಲ.

ಹಣವಿದ್ದ ವ್ಯಾಪಾರಿಗಳು ನೆಲವನ್ನೇ ಏಕೆ ಕೊಳ್ಳಲಿಲ್ಲ ಎಂದು ಕೇಳಬಹುದು. ಕೊಳ್ಳುವಂತಿರಲಿಲ್ಲ. 1882ರ ಕಾನೂನು ಚೀನೀ ಕೂಲಿಗಳು ಈ ದೇಶಕ್ಕೆ ಬರುವುದನ್ನು ತಡೆದದ್ದಲ್ಲದೆ, ಬಂದಿದ್ದವರಿಗೂ ಪೌರತ್ವದ ಬಾಗಿಲು ಮುಚ್ಚಿತು. 1913ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ, ಪೌರತ್ವಕ್ಕೆ ಅರ್ಹರಲ್ಲದ ಪರದೇಶಿಗಳು ಜಮೀನು ಕೊಳ್ಳಬಾರದು, ಮೂರು ವರ್ಷಕ್ಕಿಂತ ಹೆಚ್ಚು ಗೇಣಿಗೂ ಹಿಡಿಯಬಾರದು ಎಂದು ವಿಧಿಸಿತು. 1920ರಲ್ಲಿ ಆ ಮೂರು ವರ್ಷವನ್ನೂ ತೆಗೆದುಹಾಕಿತು. ಮುಖ್ಯ ಗುರಿ ಜಪಾನೀ ರೈತರು. ಏಟು ಬಿದ್ದದ್ದು ಏಷ್ಯಾದವರೆಲ್ಲರ ಮೇಲೆ. ಕಾನೂನಿನಲ್ಲಿ ಚೀನಾ, ಜಪಾನ್ ಎಂಬ ಹೆಸರೇ ಇಲ್ಲ. ‘ಪೌರತ್ವಕ್ಕೆ ಅರ್ಹರಲ್ಲದವರು’ ಎಂಬ ಒಂದೇ ಮಾತಿನಲ್ಲಿ ಎಲ್ಲರನ್ನೂ ಕಟ್ಟಿಹಾಕಿದ ಆ ಚಾಕಚಕ್ಯತೆ ನಮಗೆ ಇಂದಿಗೂ ಕಸಿವಿಸಿ ಉಂಟುಮಾಡುತ್ತದೆ.

ನಮಗೂ ಇದಕ್ಕೂ ಏನು ಸಂಬಂಧ ಎನ್ನುವವರಿಗೆ ಒಂದು ಮಾತು. ಲಾಕ್‌ನ ದಕ್ಷಿಣಕ್ಕೆ, ಡೆಲ್ಟಾದ ಅಂಚಿನ ಸ್ಟಾಕ್ಟನ್‌ನಲ್ಲಿ 1912ರಲ್ಲೇ ಗುರುದ್ವಾರ ಆರಂಭವಾಗಿತ್ತು. ಪಂಜಾಬಿನಿಂದ ಬಂದ ಸಿಖ್ಖರು ಇದೇ ಡೆಲ್ಟಾದ ಹೊಲಗಳಲ್ಲಿ ದುಡಿಯುತ್ತಿದ್ದರು. 1923ರಲ್ಲಿ ಭಗತ್ ಸಿಂಗ್ ಥಿಂದ್ ಮೊಕದ್ದಮೆಯಲ್ಲಿ, ಭಾರತೀಯರು ಕಾನೂನಿನ ಅರ್ಥದಲ್ಲಿ ‘ಬಿಳಿಯರು’ ಅಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆ ತೀರ್ಪಿನಿಂದ ಭಾರತೀಯರ ಜಮೀನಿಗೂ ಅದೇ ಭೂಕಾಯಿದೆ ತಗುಲಿತು. ಹೆಂಡತಿಯ ಹೆಸರಿನಲ್ಲಿ, ಇಲ್ಲಿ ಹುಟ್ಟಿದ ಮಗುವಿನ ಹೆಸರಿನಲ್ಲಿ, ನಂಬಿಕಸ್ಥ ನೆರೆಯವನ ಹೆಸರಿನಲ್ಲಿ ಹೊಲ ಇಟ್ಟುಕೊಂಡು ಬದುಕಿದ ಪಂಜಾಬಿ ರೈತರು ಹಲವರು. ಚೀನೀಯರಿಗೆ 1943ರಲ್ಲಿ, ನಮಗೆ 1946ರಲ್ಲಿ ಪೌರತ್ವದ ದಾರಿ ತೆರೆಯಿತು. ಚೀನೀಯರಿಗೆ ಆಗ ಸಿಕ್ಕ ಪ್ರವೇಶದ ಪಾಲು ವರ್ಷಕ್ಕೆ 105 ಮಂದಿ. ನಮ್ಮಲ್ಲಿ ಬಹುಪಾಲು ಜನ ಬಂದದ್ದು 1965ರ ಕಾನೂನಿನ ನಂತರ. ಬಂದ ಕೆಲವೇ ವರ್ಷಗಳಲ್ಲಿ ಬ್ಯಾಂಕಿನ ಸಾಲ ಮಾಡಿ ಮನೆ ಕೊಂಡು, ಗೃಹಪ್ರವೇಶಕ್ಕೆ ಹಾಲು ಉಕ್ಕಿಸಿದ ನಮಗೆ, ಅದೇ ರಾಜ್ಯದಲ್ಲಿ ಅದೇ ಮನೆ ಒಂದು ತಲೆಮಾರಿನ ಹಿಂದೆ ಅಪರಾಧವಾಗಿತ್ತೆಂಬುದು ತಿಳಿದಿರುವುದು ಒಳ್ಳೆಯದು.

ಇರಲಿ. ಹೀಗೆ ಬಾಯಿಮಾತಿನ ಮೇಲೆ ಎದ್ದ ಊರಿನ ವಿಸ್ತಾರ ಹದಿನೈದು ಎಕರೆಯೂ ಇಲ್ಲ. ಮೊದಲು ಲಾಕ್‌ಪೋರ್ಟ್ ಎಂದು ಕರೆದರು, ಆಮೇಲೆ ಲಾಕ್ ಎಂದಷ್ಟೇ ಉಳಿಯಿತು. ನೋಡುವುದಕ್ಕೆ ಬಲು ವಿಚಿತ್ರವಾದ ರಚನೆ. ನದಿಯ ಏರಿಯ ಮೇಲೆ ವಾಹನಗಳ ರಸ್ತೆ. ಏರಿಯ ಕೆಳಗೆ ಅದಕ್ಕೆ ಸಮಾನಾಂತರವಾಗಿ ಮುಖ್ಯ ಬೀದಿ, ಅದು ಇಕ್ಕಟ್ಟಾದ ಓಣಿ. ಎರಡರ ನಡುವಿನ ಮರದ ಕಟ್ಟಡಗಳಿಗೆ ಎರಡು ಮುಖ. ಕೆಳಗಿನ ಅಂತಸ್ತಿನ ಬಾಗಿಲು ಬೀದಿಗೆ ತೆರೆದರೆ, ಮೇಲಿನ ಅಂತಸ್ತಿನದು ಹಿಂದುಗಡೆ ಏರಿಯ ರಸ್ತೆಗೆ ತೆರೆಯುತ್ತದೆ. ಹಲಗೆಯ ಗೋಡೆಗಳು ಬಣ್ಣ ಕಳೆದುಕೊಂಡು ಬೂದಿಯಾಗಿವೆ. ಕೆಲವು ಕಟ್ಟಡಗಳು ಪಕ್ಕದವನ ಹೆಗಲಿಗೆ ಒರಗಿದಂತೆ ವಾಲಿವೆ.

1920 ಮತ್ತು 30ರ ದಶಕ ಊರಿನ ಉಚ್ಛ್ರಾಯದ ಕಾಲ. ಕಾಯಂ ನಿವಾಸಿಗಳು 600ರಷ್ಟು, ಸುಗ್ಗಿಯಲ್ಲಿ ಸಾವಿರ ಮೀರುತ್ತಿತ್ತೆಂದು ಅಂದಾಜು. ದಿನಸಿ ಅಂಗಡಿ, ಗಿಡಮೂಲಿಕೆ ಅಂಗಡಿ, ಊಟದ ಮನೆ, ತಂಗುಮನೆ, ನಾಟಕಶಾಲೆ ಎಲ್ಲ ಇದ್ದವು. ಪಾನನಿಷೇಧದ ಕಾಲದಲ್ಲಿ ಕಳ್ಳಸಾರಾಯಿಯೂ, ಎಲ್ಲ ಕಾಲದಲ್ಲೂ ಜೂಜಿನ ಕಟ್ಟೆಗಳೂ ಇದ್ದವು. ಇದನ್ನು ಮುಚ್ಚಿಡಬೇಕಾದ್ದಿಲ್ಲ. ಹೆಂಡತಿ ಮಕ್ಕಳನ್ನು ಕರೆತರಲು ಕಾನೂನು ಬಿಡದೆ ಹತ್ತಿಪ್ಪತ್ತು ವರ್ಷ ಒಂಟಿಯಾಗಿ ದುಡಿದ ಗಂಡಸರು ಸಂಜೆ ಹೋಗುವುದಾದರೂ ಎಲ್ಲಿಗೆ? ದಾಯ್ ಲಾಯ್ ಎಂಬ ಕಟ್ಟೆಯಲ್ಲಿ ಜೂಜಿನ ಮೇಜು ಹೇಗೋ ಹಾಗೆ ಬೆಂಚು, ಬಿಸಿ ಚಹಾ, ಊರಿನ ಸುದ್ದಿ ಕೂಡ ಸಿಗುತ್ತಿತ್ತು. 1951ರಲ್ಲಿ ಸರಕಾರ ಈ ಕಟ್ಟೆಗಳನ್ನೆಲ್ಲ ಮುಚ್ಚಿಸಿತು. ದಾಯ್ ಲಾಯ್ ಮುಂದೆ ವಸ್ತುಸಂಗ್ರಹಾಲಯವಾಯಿತು.

ಪೊಲೀಸರಿಲ್ಲದ ಊರನ್ನು ಕಾದವನು ಒಬ್ಬ ರಾತ್ರಿ ಕಾವಲುಗಾರ. ಮರದ ತುಂಡನ್ನು ಬಡಿಯುತ್ತ ಓಣಿ ಓಣಿ ಸುತ್ತುತ್ತಿದ್ದ. ಆ ಸದ್ದಿನಿಂದಲೇ ಮಕ್ಕಳು ಅವನನ್ನು ‘ಬಾಕ್-ಬಾಕ್’ ಎಂದು ಕರೆಯುತ್ತಿದ್ದರಂತೆ. ಅವನ ಮುಖ್ಯ ಕೆಲಸ ಕಳ್ಳರನ್ನು ಹಿಡಿಯುವುದಲ್ಲ, ಎಲ್ಲಿಯಾದರೂ ಕಿಡಿ ಬಿದ್ದಿದೆಯೇ ಎಂದು ನೋಡುವುದು. ಹಲಗೆಯ ಊರು, ಒಮ್ಮೆ ಸುಟ್ಟುಕೊಂಡು ಬಂದ ಜನ. ನಮ್ಮ ಹಳ್ಳಿಗಳ ತಳವಾರನನ್ನೂ, ಬೆಂಗಳೂರಿನ ಬೀದಿಗಳಲ್ಲಿ ಲಾಠಿ ಕುಟ್ಟುತ್ತಿದ್ದ ಗೂರ್ಖನನ್ನೂ ನೆನಪಿಸುವ ಈ ವ್ಯಕ್ತಿಯೇ ಲಾಕ್‌ನ ಇಡೀ ಸ್ಥಳೀಯ ಆಡಳಿತ ಎಂದರೂ ನಡೆದೀತು. ಮಿಕ್ಕ ನ್ಯಾಯ, ನೆರವು, ಸಾಲ, ಶವಸಂಸ್ಕಾರ ಎಲ್ಲವನ್ನೂ ಊರಿನವರ ಸಂಘಗಳೇ ನೋಡಿಕೊಂಡವು.

ಮನೆಗಳ ಹಿಂದಿನ ಹಿತ್ತಿಲುಗಳನ್ನು ನಮ್ಮ ಹೆಂಗಸರು ತಪ್ಪದೆ ನೋಡಬೇಕು. ಹಂದರಕ್ಕೆ ಹಬ್ಬಿಸಿದ ಹಾಗಲ, ಬೂದುಗುಂಬಳ, ಮೊಳದುದ್ದದ ಅಲಸಂದೆ, ಇವೇ ಚೀನೀ ಅಜ್ಜಿಯರ ಬೆಳೆ. ಲಾಕ್‌ನ ಹಿರಿಯರ ಬಾಯಿಂದಲೇ ಅವರ ಬದುಕನ್ನು ಕೇಳಿ ಬರೆದ ಪುಸ್ತಕವೊಂದು 1987ರಲ್ಲಿ ಬಂತು. ಅದರ ಹೆಸರೇ ‘ಬಿಟರ್ ಮೆಲನ್’, ಅಂದರೆ ಹಾಗಲಕಾಯಿ.

ಇನ್ನು ಶಾಲೆ. ಡೆಲ್ಟಾದ ಊರುಗಳಲ್ಲಿ ಬಿಳಿಯ ಮಕ್ಕಳಿಗೆ ಒಂದು ಶಾಲೆ, ಚೀನೀ ಜಪಾನೀ ಮಕ್ಕಳಿಗೆ ಬೇರೊಂದು ಶಾಲೆ ಎಂಬ ಏರ್ಪಾಡು ಎರಡನೆಯ ಮಹಾಯುದ್ಧದವರೆಗೂ ಇತ್ತು. 1942ರಲ್ಲಿ ವಾಲ್‌ನಟ್ ಗ್ರೋವ್‌ನ ಜಪಾನೀಯರನ್ನು ಶಿಬಿರಗಳಿಗೆ ಸಾಗಿಸಿದಾಗ ಆ ಶಾಲೆಯ ಬೆಂಚುಗಳು ಎಷ್ಟು ಬರಿದಾದವೋ ಊಹಿಸಿಕೊಳ್ಳಬಹುದು. ಸರಕಾರಿ ಶಾಲೆ ಬಿಟ್ಟ ಮೇಲೆ ಸಂಜೆ ಲಾಕ್‌ನ ಮಕ್ಕಳು ತಮ್ಮೂರಿನ ಚೀನೀ ಪಾಠಶಾಲೆಗೆ ಹೋಗಬೇಕು. 1926ರಲ್ಲಿ ಕಟ್ಟಿದ ಆ ಕಟ್ಟಡ 1954ರಲ್ಲಿ ದುರಸ್ತಿಯಾಗಿ, ಹಣ ಕೊಟ್ಟ ಜೋ ಶೂಂಗ್ ಅವರ ಹೆಸರು ಪಡೆಯಿತು. ಅಂಗಳದಲ್ಲಿ ಕನ್‌ಫ್ಯೂಶಿಯಸ್‌ನ ಮತ್ತು ಸುನ್ ಯಾತ್ ಸೆನ್‌ರ ಪ್ರತಿಮೆಗಳಿವೆ. ಸುನ್ ಯಾತ್ ಸೆನ್ ಲಾಕ್‌ನವರ ಜಿಲ್ಲೆಯಲ್ಲೇ ಹುಟ್ಟಿದವರು. ಆ ಜಿಲ್ಲೆಗೆ ಝೋಂಗ್‌ಶಾನ್ ಎಂಬ ಹೆಸರು ಬಂದದ್ದೇ ಅವರ ನೆನಪಿಗೆ, 1925ರಲ್ಲಿ. ಒಳಗೆ ಸಾಲು ಬೆಂಚು, ಕಪ್ಪುಹಲಗೆ ಹಾಗೆಯೇ ಉಳಿದಿವೆ. ಕಲಿಯಲು ಮಕ್ಕಳಿಲ್ಲದೆ ಶಾಲೆ ನಿಂತುಹೋಯಿತು. ವಾರಾಂತ್ಯದಲ್ಲಿ ಕನ್ನಡ ಕಲಿಸಲು ಕೊಠಡಿ ಹುಡುಕುವ, ಮಕ್ಕಳನ್ನು ಪುಸಲಾಯಿಸಿ ಕಾರಿಗೆ ಹತ್ತಿಸುವ ನಮ್ಮ ಅಧ್ಯಾಪಕಿಯರು ಆ ಕೋಣೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವರೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಮಕ್ಕಳು ಎಲ್ಲಿಗೆ ಹೋದರು? ಓದಿದರು, ಹೊರಟರು. ಹೊಲದ ಕೂಲಿ ಮಕ್ಕಳಿಗೆ ಬೇಡ ಎಂದು ತಂದೆ ತಾಯಿಯೇ ಕಳಿಸಿದರು. ಯುದ್ಧದ ನಂತರ ನಗರಗಳಲ್ಲಿ ಕೆಲಸ ಸಿಗತೊಡಗಿತು. 1952ರಲ್ಲಿ ಸೆಯಿ ಫುಜೀ ಎಂಬ ಜಪಾನೀಯರ ಮೊಕದ್ದಮೆಯಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಭೂಕಾಯಿದೆಯನ್ನು ರದ್ದು ಮಾಡಿತು. ಈಗ ಲಾಕ್‌ನ ಮಕ್ಕಳು ನೆಲ ಕೊಳ್ಳಬಹುದಾಗಿತ್ತು, ಕೊಂಡರು ಕೂಡ, ಆದರೆ ಬೇರೆ ಕಡೆ. ಲಾಕ್‌ನಲ್ಲಿ ಕೊಳ್ಳುವುದಾದರೂ ಹೇಗೆ? ಇಡೀ ಊರು ಕಾಗದದಲ್ಲಿ ಒಂದೇ ಒಡೆಯನ ಜಮೀನು. ಮನೆಮನೆಗೆ ಎಲ್ಲೆಕಟ್ಟು ಇಲ್ಲ, ಸರ್ವೆ ಸಂಖ್ಯೆಯಿಲ್ಲ. ನೆಲವಿಲ್ಲದ ಮನೆಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಸಾಲವಿಲ್ಲದೆ ವಾಲಿದ ಗೋಡೆ ನೆಟ್ಟಗಾಗುವುದಿಲ್ಲ.

1977ರಲ್ಲಿ ಲಾಕ್ ಕುಟುಂಬದವರು ಜಮೀನನ್ನು ಹಾಂಗ್‌ಕಾಂಗ್ ಮೂಲದ ಬಂಡವಾಳಗಾರರಿಗೆ ಮಾರಿದರು. ಅರವತ್ತೆರಡು ವರ್ಷ ಬಾಯಿಮಾತನ್ನು ಉಳಿಸಿಕೊಂಡ ಕುಟುಂಬವನ್ನು ನಾವು ಹಗುರವಾಗಿ ಕಾಣಲಾರೆವು. ಆದರೂ ಊರಿನ ಹಿರಿಯರಿಗೆ ತಮ್ಮ ಕಾಲ ಕೆಳಗಿನ ನೆಲ ಕೈ ಬದಲಾಯಿಸುವುದನ್ನು ನೋಡುತ್ತ ಕೂರುವುದರ ಹೊರತು ಬೇರೆ ದಾರಿಯಿರಲಿಲ್ಲ. ಲಾಕ್ 1971ರಲ್ಲೇ ಚಾರಿತ್ರಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತ್ತು, 1990ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಹೆಗ್ಗುರುತಾಯಿತು. ಫಲಕವೇನೋ ಬಂತು. ಒಳಚರಂಡಿ ಮಾತ್ರ ಹಾಳಾಗಿಯೇ ಇತ್ತು. ಕೊನೆಗೆ ಸ್ಯಾಕ್ರಮೆಂಟೊದ ವಸತಿ ಮತ್ತು ಪುನರಭಿವೃದ್ಧಿ ಸಂಸ್ಥೆ ಊರಿನ ನೆಲವನ್ನು ಕೊಂಡು, ಚರಂಡಿ ಸರಿಪಡಿಸಿ, ನಿವೇಶನಗಳಾಗಿ ಅಳತೆ ಮಾಡಿಸಿ, 2004ರಲ್ಲಿ ಮನೆಯ ಒಡೆಯರಿಗೇ ನೆಲ ಮಾರಿತು. ಊರು ಹುಟ್ಟಿದ ಮೇಲೆ ಮೊದಲ ಬಾರಿಗೆ ಲಾಕ್‌ನ ಮನೆಗಳಿಗೆ ಕ್ರಯಪತ್ರ ಬಂತು. ಆಗ ಊರಿನಲ್ಲಿದ್ದವರು ನೂರು ಮಂದಿಯೊಳಗೆ. ಅವರಲ್ಲಿ ಚೀನೀ ಮೂಲದವರು ಬೆರಳೆಣಿಕೆಯಷ್ಟು, ಅವರೂ ವಯಸ್ಸಾದವರು.

ಲಾಕ್‌ಗೆ ಹೋಗುವವರು ಇಂಟರ್‌ಸ್ಟೇಟ್ 5 ಬಿಟ್ಟು ವಾಲ್‌ನಟ್ ಗ್ರೋವ್ ಕಡೆಗೆ ತಿರುಗಿ, ಅಲ್ಲಿಂದ ನದಿಯ ಪೂರ್ವ ದಂಡೆಯ ರಸ್ತೆಯಲ್ಲಿ ಉತ್ತರಕ್ಕೆ ಹೋಗಬೇಕು. ಕಾಲುವೆಯ ಗೇಟುಗಳನ್ನು ದಾಟಿದ ಕೂಡಲೇ ಬಲಗಡೆ ಊರು. ಏರಿಯ ಮೇಲಿನಿಂದ ಕಾಣುವುದು ಮೇಲಂತಸ್ತು ಮಾತ್ರ, ಆದ್ದರಿಂದ ಕಾರು ನಿಲ್ಲಿಸಿ ಕೆಳಗಿನ ಬೀದಿಗೆ ಇಳಿದೇ ನೋಡಬೇಕು. ಬುತ್ತಿ ಕಟ್ಟಿಕೊಂಡು ಹಗಲು ಹೊತ್ತಿನಲ್ಲಿ ಹೋಗುವುದು ಮೇಲು. ಮಕ್ಕಳಿಗೆ ಶಾಲೆಯ ಕಪ್ಪುಹಲಗೆ ತೋರಿಸಿ. ಹಿಂದಿನ ಹಿತ್ತಿಲುಗಳ ಕಡೆ ಹೋದರೆ ಮಾತ್ರ ದೂರದಿಂದಲೇ ನೋಡಿ, ಅವು ಈಗಲೂ ಜನ ವಾಸವಾಗಿರುವ ಮನೆಗಳು.